ಪಾಯಿಂಟ್ ರೇಯಸ್ ಕಡಲತೀರ: ವಯಸ್ಸಾದ ತಂದೆ-ತಾಯಿಯರೊಂದಿಗೆ ಒಂದು ದಿನದಲ್ಲಿ ಏನೇನು ನೋಡಬಹುದು?

ಪ್ರಶ್ನೆ: ಅಂಕೋಲೆಯವ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಊರಿನಿಂದ ನನ್ನ ತಂದೆ-ತಾಯಿ ಬಂದಿದ್ದು, ಏಪ್ರಿಲ್ ತಿಂಗಳ ನಡುವಿನವರೆಗೆ ನಮ್ಮೊಂದಿಗೆ ಇರುತ್ತಾರೆ. ಮಾರ್ಚ್ ಕೊನೆಯ ಶನಿವಾರ ಅವರನ್ನೂ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಪಾಯಿಂಟ್ ರೇಯಸ್ ರಾಷ್ಟ್ರೀಯ ಕಡಲತೀರಕ್ಕೆ ಹೋಗಬೇಕೆಂದು ನಾನು ಮತ್ತು ನನ್ನ ಹೆಂಡತಿ ಯೋಚಿಸಿದ್ದೇವೆ. ಬೆಳಿಗ್ಗೆ ದೀಪಸ್ತಂಭ, ಮಧ್ಯಾಹ್ನ ಸಮುದ್ರಕ್ಕೇ ನೇರವಾಗಿ ಬೀಳುವ ಅಲಮೇರ್ ಜಲಪಾತ, ಸಂಜೆ ಯಾವುದಾದರೂ ಬೀಚಿನಲ್ಲಿ ಸ್ವಲ್ಪ ಹೊತ್ತು ನೀರಿಗಿಳಿದು ಸೂರ್ಯಾಸ್ತ ನೋಡಿ ಹಿಂತಿರುಗುವುದು, ಇದು ನಮ್ಮ ಲೆಕ್ಕಾಚಾರ. ಜಲಪಾತಕ್ಕೆ ದೂರ ಕಡಿಮೆಯಾಗುವ ಒಂದು ಅಡ್ಡದಾರಿ ಇದೆಯೆಂದು ಅಂತರ್ಜಾಲದಲ್ಲಿ ಹಲವರು ಬರೆದಿದ್ದಾರೆ.

ತಂದೆಯವರಿಗೆ ಎಪ್ಪತ್ತೆರಡು ವರ್ಷ. ಸಮತಟ್ಟಾದ ದಾರಿಯಲ್ಲಿ ಮೂರು-ನಾಲ್ಕು ಕಿಲೋಮೀಟರ್ ಆರಾಮವಾಗಿ ನಡೆಯುತ್ತಾರೆ, ಆದರೆ ಮಂಡಿನೋವಿನಿಂದಾಗಿ ಮೆಟ್ಟಿಲು ಇಳಿಯುವುದು ಕಷ್ಟ. ತಾಯಿಯವರಿಗೆ ತಿರುವು ರಸ್ತೆಯಲ್ಲಿ ವಾಂತಿ ಬರುತ್ತದೆ. ಇಬ್ಬರೂ ಬೇಲೆಕೇರಿ ಕಡೆಯವರಾದ್ದರಿಂದ ಸಮುದ್ರವೆಂದರೆ ಅವರಿಗೆ ಹೆದರಿಕೆಯೇನೂ ಇಲ್ಲ. ಇಲ್ಲಿಯ ಸಮುದ್ರವನ್ನೂ ಒಮ್ಮೆ ಮುಟ್ಟಿ ನೋಡಬೇಕು ಎಂಬುದು ತಂದೆಯವರ ದೊಡ್ಡ ಆಸೆ. ಈ ಯೋಜನೆ ಒಂದು ದಿನಕ್ಕೆ ಹೊಂದುತ್ತದೆಯೇ? ಆ ಸಮಯದಲ್ಲಿ ತಿಮಿಂಗಿಲ, ಎಲಿಫೆಂಟ್ ಸೀಲ್ (ಭಾರೀ ಗಾತ್ರದ ಒಂದು ಕಡಲಪ್ರಾಣಿ) ಮುಂತಾದವು ಕಾಣಸಿಗುತ್ತವೆಯೇ? ಪ್ರವೇಶಶುಲ್ಕ, ಊಟ ಇವುಗಳ ವ್ಯವಸ್ಥೆ ಹೇಗೆ? ಹೋಗಿ ಬಂದು ಗೊತ್ತಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸೊರಬದ ಸಹ್ಯಾದ್ರಿ (ಸ್ಯಾನ್ ರಫೇಲ್)

ನಮಸ್ಕಾರ. ನಿಮ್ಮ ಪಟ್ಟಿಯಲ್ಲಿರುವ ಜಾಗಗಳೆಲ್ಲ ಒಂದೇ ಪಾರ್ಕಿನ ಹೆಸರಿನಡಿ ಬಂದರೂ ಒಂದಕ್ಕೊಂದು ಹತ್ತಿರವಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಪಾರ್ಕಿನ ವಿಸ್ತೀರ್ಣ ಸುಮಾರು 71,000 ಎಕರೆ. ದೀಪಸ್ತಂಭ ಇರುವುದು ಪಶ್ಚಿಮದ ತುತ್ತತುದಿಯಲ್ಲಿ. ಜಲಪಾತಕ್ಕೆ ಹೋಗುವ ಪಾಲೊಮರಿನ್ ಟ್ರೇಲ್‌ಹೆಡ್ (ಕಾಲುದಾರಿ ಶುರುವಾಗುವ ಜಾಗ) ಇರುವುದು ದಕ್ಷಿಣದ ತುದಿಯಲ್ಲಿ, ಬೊಲಿನಾಸ್ ಊರನ್ನು ದಾಟಿ ಮಣ್ಣುರಸ್ತೆ ಮುಗಿಯುವಲ್ಲಿ. ಇವೆರಡರ ನಡುವೆ ನೇರವಾದ ರಸ್ತೆಯಿಲ್ಲದೆ ಒಳನಾಡಿಗೆ ಬಂದು ಸುತ್ತಿಕೊಂಡೇ ಹೋಗಬೇಕಾದ್ದರಿಂದ ಕಾರಿನಲ್ಲಿಯೇ ಒಂದೂವರೆ ಗಂಟೆಯ ಹತ್ತಿರ ಹಿಡಿಯುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ತಂದೆ-ತಾಯಿಯವರು ಜೊತೆಗಿರುವಾಗ ಆ ಒಂದು ಪಶ್ಚಿಮದ ತುದಿಯೇ ಆಗಿರಲಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಬೆಳಿಗ್ಗೆ ಬೇಗ ಹೊರಟು ಮೊದಲು ಒಲೆಮಾ ಬಳಿಯ ಬೇರ್ ವ್ಯಾಲಿ ಸಂದರ್ಶಕರ ಕೇಂದ್ರಕ್ಕೆ ಬನ್ನಿ. ಆ ದಿನ ಯಾವ ರಸ್ತೆ ತೆರೆದಿದೆ, ತುದಿಯಲ್ಲಿ ಗಾಳಿ ಎಷ್ಟಿದೆ ಎಂಬುದನ್ನು ಅಲ್ಲಿಯ ರೇಂಜರ್‌ಗಳು ನಕ್ಷೆಯ ಮೇಲೆ ಬೆರಳಿಟ್ಟು ಹೇಳುತ್ತಾರೆ. ಕೇಂದ್ರದ ಎದುರಿಗೇ ಭೂಕಂಪದ ಟ್ರೇಲ್ ಇದೆ; ಡಾಂಬರು ಹಾಕಿದ, ಒಂದು ಕಿಲೋಮೀಟರಿನಷ್ಟು ಉದ್ದದ, ಗಾಲಿಕುರ್ಚಿಯೂ ಹೋಗುವಂತಹ ಸುತ್ತುದಾರಿ. ಸ್ಯಾನ್ ಆಂಡ್ರಿಯಾಸ್ ಸ್ತರಭಂಗ, ಅಂದರೆ ಭೂಮಿಯ ಎರಡು ಫಲಕಗಳು ಒಂದಕ್ಕೊಂದು ಉಜ್ಜುತ್ತ ಸರಿಯುವ ಬಿರುಕು, ಹಾದುಹೋಗುವುದು ಇದೇ ಕಣಿವೆಯಲ್ಲಿ. 1906ರ ಏಪ್ರಿಲ್ 18ರ ಭೂಕಂಪದಲ್ಲಿ ಇಲ್ಲಿಯ ನೆಲ ಒಂದೇ ಏಟಿಗೆ 15 ಅಡಿಗಿಂತಲೂ ಹೆಚ್ಚು ಪಕ್ಕಕ್ಕೆ ಸರಿಯಿತು. ಅದನ್ನು ತೋರಿಸಲೆಂದೇ ಮರದ ಬೇಲಿಯೊಂದನ್ನು ಹಾಕಿದ್ದಾರೆ: ನೇರವಾಗಿ ಬರುವ ಬೇಲಿ ಇದ್ದಕ್ಕಿದ್ದಂತೆ ನಿಂತುಹೋಗಿ, ಅದರ ಉಳಿದರ್ಧ ಅಷ್ಟು ದೂರದಲ್ಲಿ ಮತ್ತೆ ಶುರುವಾಗುತ್ತದೆ. ಮಗಳನ್ನು ಒಂದು ತುದಿಯಲ್ಲಿ, ತಾತನನ್ನು ಇನ್ನೊಂದು ತುದಿಯಲ್ಲಿ ನಿಲ್ಲಿಸಿದರೆ ಭೂಮಿ ಸರಿದದ್ದು ಎಷ್ಟೆಂಬುದು ಯಾವ ಪಾಠಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ. ಸ್ತರಭಂಗದ ಪೂರ್ವಕ್ಕಿರುವುದು ಉತ್ತರ ಅಮೆರಿಕದ ಫಲಕ. ಪಶ್ಚಿಮಕ್ಕಿರುವ ಇಡೀ ಪಾಯಿಂಟ್ ರೇಯಸ್ ಪರ್ಯಾಯದ್ವೀಪ ಪೆಸಿಫಿಕ್ ಫಲಕದ ಮೇಲೆ ಕುಳಿತು ನಿಧಾನವಾಗಿ ವಾಯವ್ಯದ ಕಡೆಗೆ ಸಾಗುತ್ತಿದೆ. ಇಲ್ಲಿಯ ಗ್ರಾನೈಟ್ ಬಂಡೆ ಎದುರುಗಡೆಯ ಬೆಟ್ಟಗಳ ಕಲ್ಲಿಗೆ ಹೋಲದಿರುವುದಕ್ಕೆ ಅದೇ ಕಾರಣ. ಅದು ಬಹುದೂರದ ದಕ್ಷಿಣದಿಂದ ಬಂದದ್ದು.

ಅಲ್ಲಿಂದ ದೀಪಸ್ತಂಭಕ್ಕೆ ಮುಕ್ಕಾಲು ಗಂಟೆಯ ದಾರಿ. ತಾಯಿಯವರಿಗೆ ತಿರುವುಗಳಿಂದ ತೊಂದರೆಯೆಂದರೆ ಒಂದನೇ ಹೆದ್ದಾರಿಯಲ್ಲಿ ಸಮುದ್ರದಂಚಿಗೆ ಬರಲೇಬೇಡಿ. ರಿಚ್ಮಂಡ್ ಸೇತುವೆ ದಾಟಿ ಸ್ಯಾನ್ ರಫೇಲ್ ಮೂಲಕ ಸರ್ ಫ್ರಾನ್ಸಿಸ್ ಡ್ರೇಕ್ ರಸ್ತೆ ಹಿಡಿಯಿರಿ. ಅದರಲ್ಲಿಯೂ ತಿರುವುಗಳಿವೆ, ಆದರೆ ಹೋಲಿಸಿದರೆ ಸೌಮ್ಯ. ಪ್ರವೇಶಶುಲ್ಕವೆಂಬುದು ಈ ಪಾರ್ಕಿನಲ್ಲಿ ಇಲ್ಲ. ಮೊಬೈಲ್ ಸಿಗ್ನಲ್ ಬಹುಪಾಲು ಕಡೆ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಇನ್ನು ಬಟ್ಟೆಯ ವಿಷಯ. ಫ್ರೀಮಾಂಟಿನಲ್ಲಿ ಬಿಸಿಲಿದೆಯೆಂದು ತೆಳುವಾದ ಬಟ್ಟೆಯಲ್ಲಿ ಬಂದರೆ ತುದಿಯಲ್ಲಿ ಹತ್ತು ನಿಮಿಷವೂ ನಿಲ್ಲಲಾಗುವುದಿಲ್ಲ. ಬೇಸಿಗೆಯಲ್ಲಿ ಒಳನಾಡು ಕಾದಾಗ ಸಮುದ್ರದ ಮೇಲಿನ ತಂಪು ಗಾಳಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ತೀರದ ನೀರು ಬಹಳ ತಣ್ಣಗಿರುವುದರಿಂದ ಆ ಗಾಳಿಯಲ್ಲಿರುವ ತೇವ ಮಂಜಾಗಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತುದಿಯನ್ನು ದಿನಗಟ್ಟಲೆ ಮುಚ್ಚಿಬಿಡುತ್ತದೆ. ಮಾರ್ಚಿನಲ್ಲಿ ಮಂಜು ಕಡಿಮೆ, ಆದರೆ ಗಾಳಿಯದೇ ಕಾರುಬಾರು. ತಂದೆಯವರಿಗೆ ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿ, ತಾಯಿಯವರಿಗೆ ಸೀರೆಯ ಬದಲು ಪ್ಯಾಂಟು ಅಥವಾ ಚೂಡಿದಾರ, ಎಲ್ಲರಿಗೂ ಗಾಳಿ ತಡೆಯುವ ಜಾಕೆಟ್ ಇರಲಿ. ಸೀರೆಯನ್ನು ಆ ಗಾಳಿಯಲ್ಲಿ ಹಿಡಿದುಕೊಳ್ಳುವುದರಲ್ಲಿಯೇ ಅವರಿಗೆ ಸಾಕಾಗಿಹೋಗುತ್ತದೆ.

ಉತ್ತರ 2: ಚಾರಣಪ್ರಿಯೆ (ಓಕ್ಲೆಂಡ್)

ಮೇಲಿನವರು ದೂರದ ಕಾರಣಕ್ಕೆ ಜಲಪಾತ ಬೇಡವೆಂದಿದ್ದಾರೆ. ಅದಕ್ಕಿಂತ ಗಂಭೀರವಾದ ಕಾರಣವೊಂದನ್ನು ನಾನು ಸೇರಿಸಬೇಕು. ಪಾಲೊಮರಿನ್‌ನಿಂದ ಜಲಪಾತಕ್ಕೆ ಹೋಗಿ ಬರಲು ಪಾರ್ಕಿನವರು ಹೇಳುವ ಸರಿಯಾದ ದಾರಿ 13 ಮೈಲಿ. ಕರಾವಳಿಯ ಟ್ರೇಲಿನಲ್ಲಿ ವೈಲ್ಡ್‌ಕ್ಯಾಟ್ ಕ್ಯಾಂಪಿನವರೆಗೆ ನಡೆದು, ಅಲ್ಲಿ ಬೀಚಿಗೆ ಇಳಿದು, ಮರಳಿನ ಮೇಲೆ ಸುಮಾರು ಒಂದು ಮೈಲಿ ದಕ್ಷಿಣಕ್ಕೆ ಬಂದರೆ ಜಲಪಾತ ಸಿಗುತ್ತದೆ. ನೀವು ಓದಿರುವ ಅಡ್ಡದಾರಿ ಪಾರ್ಕಿನವರು ಮಾಡಿದ್ದಲ್ಲ, ಅವರು ಅದನ್ನು ನಿರ್ವಹಿಸುವುದೂ ಇಲ್ಲ, ಅಲ್ಲಿ ಹೋಗಬೇಡಿರೆಂದು ಸ್ಪಷ್ಟವಾಗಿ ಕೇಳಿಕೊಳ್ಳುತ್ತಾರೆ. ಕೊನೆಯಲ್ಲಿ ಪುಡಿಪುಡಿಯಾಗಿ ಉದುರುವ ಜೇಡಿಗಲ್ಲಿನ ಕಡಿದಾದ ಅಂಚಿನಲ್ಲಿ ಕೈಕಾಲು ಊರಿ ಇಳಿಯಬೇಕು. ಅಲ್ಲಿ ಬಿದ್ದು ಗಾಯಗೊಂಡವರನ್ನು ಎತ್ತಿಕೊಂಡು ಹೋಗಲು ರಕ್ಷಣಾ ತಂಡದವರು ಬರಬೇಕಾಗುತ್ತದೆ. ಮಕ್ಕಳಿದ್ದರಂತೂ ಆ ಮಾತೇ ಬೇಡ.

ಈ ತೀರದ ಬಂಡೆಗಳನ್ನು ನೋಡಿದರೆ ಗಟ್ಟಿಯಾಗಿರುವಂತೆ ಕಾಣುತ್ತವೆ, ಆದರೆ ಹಲವೆಡೆ ಅವು ಗ್ರಾನೈಟ್ ಅಲ್ಲ. ಬೇರ್ ವ್ಯಾಲಿ ಟ್ರೇಲಿನ ಕೊನೆಯಲ್ಲಿ ಆರ್ಚ್ ರಾಕ್ ಎಂಬ ಪ್ರಸಿದ್ಧ ನೋಟದ ಜಾಗವೊಂದಿತ್ತು. 2015ರ ಮಾರ್ಚಿನಲ್ಲಿ ಜನ ನಿಂತಿರುವಾಗಲೇ ಆ ಅಂಚು ಕುಸಿದು ಒಬ್ಬರು ಪ್ರಾಣ ಕಳೆದುಕೊಂಡರು. ನಿಂತ ನೆಲ ಕೆಳಗಿನಿಂದ ಟೊಳ್ಳಾಗಿದೆಯೇ ಎಂಬುದು ಮೇಲೆ ನಿಂತವರಿಗೆ ತಿಳಿಯುವ ಹಾಗಿಲ್ಲ. ಆದ್ದರಿಂದ ಫೋಟೋ ತೆಗೆಯುವಾಗ ಅಂಚಿನಿಂದ ನಾಲ್ಕಾರು ಮಾರು ಹಿಂದೆಯೇ ನಿಲ್ಲಿ; ಬೀಚಿನಲ್ಲಿ ಬುತ್ತಿ ಬಿಚ್ಚುವಾಗಲೂ ಗಾಳಿ ಬೀಸದೆಂದು ಬಂಡೆಯ ಬುಡಕ್ಕೆ ಹೋಗಿ ಕೂರಬೇಡಿ.

ಈಗ ತಂದೆಯವರ ಆಸೆಯ ವಿಷಯ. ಉತ್ತರ ಕನ್ನಡದ ಸಮುದ್ರವನ್ನು ಬಲ್ಲವರಿಗೆ ಹೇಳುವಾಗ ಇದನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಅವರ ಅನುಭವವೇ ಇಲ್ಲಿ ದಾರಿ ತಪ್ಪಿಸಬಹುದು. ನಮ್ಮ ಕಡೆ ಕಡಲು ಯಾವಾಗ ಕೆರಳುತ್ತದೆ ಎಂಬುದು ಎಲ್ಲರಿಗೂ ಗೊತ್ತು: ಮಳೆಗಾಲದಲ್ಲಿ ಯಾರೂ ಹತ್ತಿರ ಹೋಗುವುದಿಲ್ಲ, ಮಳೆ ನಿಂತು ಕಡಲು ಶಾಂತವಾದ ಮೇಲೆ ಮಕ್ಕಳೂ ಇಳಿಯುತ್ತಾರೆ. ಇಲ್ಲಿ ಆಕಾಶ ತಿಳಿಯಾಗಿದ್ದು, ಬಿಸಿಲು ಬೆಳಗುತ್ತಿದ್ದು, ಅಲೆಗಳೆಲ್ಲ ಒಂದೇ ಅಳತೆಯಲ್ಲಿ ಬರುತ್ತಿರುವಾಗಲೇ, ಸಾವಿರಾರು ಮೈಲಿ ಆಚೆ ಎದ್ದ ಚಂಡಮಾರುತವೊಂದು ತಳ್ಳಿದ ಅಲೆ ಇದ್ದಕ್ಕಿದ್ದಂತೆ ಉಳಿದವುಗಳಿಗಿಂತ ಎಷ್ಟೋ ಮೇಲಕ್ಕೆ ನುಗ್ಗಿ, ಒಣ ಮರಳಿನಲ್ಲಿ ನಿಂತವರ ಕಾಲನ್ನೂ ಎಳೆದುಕೊಂಡು ಹೋಗುತ್ತದೆ. ನೀರಿನ ಶಾಖವೂ ಬೇರೆ. ಅರಬ್ಬೀ ಸಮುದ್ರದ ನೀರು 27–30 ಡಿಗ್ರಿ ಸೆಲ್ಸಿಯಸ್ ಇದ್ದರೆ ಇಲ್ಲಿಯದು 10ರಿಂದ 13ರ ಆಸುಪಾಸು; ಗಾಳಿ ಮೇಲಿನ ನೀರನ್ನು ತೀರದಿಂದ ಆಚೆಗೆ ತಳ್ಳಿದಂತೆ ಆಳದ ತಣ್ಣನೆಯ ನೀರು ಮೇಲಕ್ಕೆ ಬರುವುದರಿಂದ ಹೀಗೆ. ಅಷ್ಟು ತಣ್ಣನೆಯ ನೀರಿಗೆ ಬಿದ್ದವರಿಗೆ ಮೊದಲು ಉಸಿರು ಕಟ್ಟುತ್ತದೆ, ಆಮೇಲೆ ಕೈಕಾಲಿನ ಹಿಡಿತ ತಪ್ಪುತ್ತದೆ. ಈಜು ಬಲ್ಲವರೂ ಇದಕ್ಕೆ ಹೊರತಲ್ಲ.

ಹಾಗೆಂದು ಆಸೆಯನ್ನು ಬಿಡಬೇಕಾಗಿಲ್ಲ. ನಾರ್ತ್ ಬೀಚ್, ಸೌತ್ ಬೀಚ್ ಎಂದು ಕರೆಯುವ ಪಶ್ಚಿಮದ ನೇರ ತೀರದಲ್ಲಿ ನೀರಿನ ಹತ್ತಿರ ಹೋಗಬೇಡಿ. ಅಲ್ಲಿ ಕಾರಿನ ಬಳಿ ನಿಂತು ಅಲೆಗಳ ಅಬ್ಬರ ಕೇಳಿದರೆ ಸಾಕು. ದಕ್ಷಿಣಕ್ಕೆ ಮುಖ ಮಾಡಿರುವ ಲಿಮಾಂಟೂರ್ ಅಥವಾ ಡ್ರೇಕ್ಸ್ ಬೀಚಿನಲ್ಲಿ ವಾಯವ್ಯದ ಗಾಳಿಯೂ ಅಲೆಯೂ ತಗ್ಗಿರುತ್ತವೆ. ಇಳಿತದ ಸಮಯ ನೋಡಿಕೊಂಡು, ಸಮುದ್ರಕ್ಕೆ ಬೆನ್ನು ಹಾಕದೆ, ಪಾದ ನೆನೆಯುವಷ್ಟು ನೀರಿನಲ್ಲಿ ಅವರ ಕೈ ಹಿಡಿದು ನಿಲ್ಲಿಸಿ. ಅದಕ್ಕಿಂತ ಆಳಕ್ಕೆ ಬೇಡ.

ಇನ್ನೊಂದು ಎಚ್ಚರಿಕೆ ಪಾಯಿಸನ್ ಓಕ್ ಎಂಬ ಗಿಡದ ಬಗ್ಗೆ. ಮೂರು ಮೂರು ಎಲೆಗಳ ಗೊಂಚಲು, ವಸಂತದಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಚಿಗುರು. ಇದು ನಮ್ಮ ಗೇರುಮರದ ಕುಟುಂಬಕ್ಕೇ ಸೇರಿದ್ದು. ಹಸಿ ಗೇರುಬೀಜದ ಸೊನೆ ತಾಗಿದರೆ ಚರ್ಮ ಹೇಗೆ ಸುಟ್ಟಂತಾಗುತ್ತದೆಂದು ನಿಮ್ಮ ತಾಯಿಯವರಿಗೆ ಗೊತ್ತಿರುತ್ತದೆ, ಇದರದೂ ಅಂತಹದೇ ಕಾಟ. ದಾರಿಯ ಪಕ್ಕದ ಯಾವ ಸೊಪ್ಪನ್ನೂ ಕಿತ್ತು ನೋಡಬೇಡಿರೆಂದು ಮೊದಲೇ ಹೇಳಿ. ಹುಲ್ಲಿನಲ್ಲಿ ಉಣುಗುಗಳೂ ಇರುತ್ತವೆ. ಮನೆಗೆ ಬಂದ ಕೂಡಲೇ ಮಗಳ ಮಂಡಿಯ ಹಿಂಭಾಗ, ಕುತ್ತಿಗೆ, ಕೂದಲಂಚು ಪರೀಕ್ಷಿಸಿ.

ಉತ್ತರ 3: ಕಡಲಹಕ್ಕಿ (ಸ್ಯಾನ್‌ಹೊಸೆ)

ಪ್ರಾಣಿಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನೀವು ಆರಿಸಿಕೊಂಡ ಸಮಯ ಬಹಳ ಒಳ್ಳೆಯದು. ಬೂದು ತಿಮಿಂಗಿಲಗಳು ಜನವರಿಯಲ್ಲಿ ಮೆಕ್ಸಿಕೋದ ಕಡೆಗೆ ಇಳಿದು ಹೋಗಿ, ಮಾರ್ಚಿನಿಂದ ಉತ್ತರಕ್ಕೆ ಮರಳುತ್ತವೆ; ಮರಿಗಳಿರುವ ತಾಯಂದಿರು ಕೊನೆಗೆ, ಏಪ್ರಿಲ್ ಮತ್ತು ಮೇ ಮೊದಲ ದಿನಗಳಲ್ಲಿ, ತೀರಕ್ಕೆ ಬಹಳ ಹತ್ತಿರದಲ್ಲಿ ಹಾದುಹೋಗುತ್ತಾರೆ. ದೀಪಸ್ತಂಭದ ಮೇಲ್ಗಡೆಯ ನೋಟಕಟ್ಟೆಯಲ್ಲಿ ದುರ್ಬೀನು ಹಿಡಿದು ಅರ್ಧ ಗಂಟೆ ತಾಳ್ಮೆಯಿಂದ ಕುಳಿತರೆ ಮೊದಲು ನೀರಿನ ಮೇಲೆ ಹೊಗೆಯಂತಹ ಚಿಮ್ಮು, ಅನಂತರ ಬೂದುಬಣ್ಣದ ಬೆನ್ನು ಕಾಣುತ್ತದೆ. ಗಾಳಿ ಜೋರಾಗಿದ್ದ ದಿನ ಅಲೆಗಳ ನೊರೆಯಲ್ಲಿ ಚಿಮ್ಮನ್ನು ಗುರುತಿಸುವುದು ಕಷ್ಟ.

ಎಲಿಫೆಂಟ್ ಸೀಲ್‌ಗಳದ್ದು ನಿಜವಾಗಿಯೂ ಹೇಳಬೇಕಾದ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎಣ್ಣೆಗಾಗಿ ಇವುಗಳನ್ನು ಕೊಂದು ಕೊಂದು ಸಂತತಿಯೇ ಅಳಿಯುವ ಹಂತಕ್ಕೆ ತಂದಿದ್ದರು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಈ ತೀರದಲ್ಲಿ ಒಂದೂ ಇರಲಿಲ್ಲ. 1970ರ ದಶಕದಲ್ಲಿ ಅವು ತಾವಾಗಿಯೇ ಮರಳಿ ಬಂದವು, 1981ರಲ್ಲಿ ಅದೇ ಪಶ್ಚಿಮದ ತುದಿಯ ಚಿಮ್ನಿ ರಾಕ್ ಬಳಿ ಮೊದಲ ಜೋಡಿ ಮರಿಹಾಕಿದ್ದು ಕಂಡುಬಂತು. 2019ರ ಜನವರಿಯಲ್ಲಿ ಅಮೆರಿಕದ ಸರ್ಕಾರಿ ಕಚೇರಿಗಳು ಮುಚ್ಚಿ ಪಾರ್ಕಿನಲ್ಲಿ ಕೆಲಸಗಾರರಿಲ್ಲದಿದ್ದಾಗ ಇವು ಡ್ರೇಕ್ಸ್ ಬೀಚನ್ನೇ ತಮ್ಮದಾಗಿಸಿಕೊಂಡವು. ಪಾರ್ಕಿನವರು ಮರಳಿ ಬಂದಮೇಲೆ ಅವುಗಳನ್ನು ಓಡಿಸದೆ ಜನರಿಗೇ ದೂರ ನಿಲ್ಲಿರೆಂದರು. ಹೆರಿಗೆಯ ಕಾಲ ಡಿಸೆಂಬರಿನಿಂದ ಮಾರ್ಚ್. ನೀವು ಹೋಗುವ ಹೊತ್ತಿಗೆ ಎರಡು ಟನ್ ತೂಗುವ ಗಂಡುಗಳು ಬಹುಪಾಲು ಕಡಲಿಗೆ ಮರಳಿರುತ್ತವೆ, ಆದರೆ ತಾಯಿ ಹಾಲು ಬಿಡಿಸಿ ಹೋದ ದುಂಡನೆಯ ಮರಿಗಳು ಇನ್ನೂ ಅಲ್ಲಿಯೇ ಇದ್ದು, ಆಳವಿಲ್ಲದ ನೀರಿನಲ್ಲಿ ತಾವೇ ಈಜು ಕಲಿಯುತ್ತಿರುತ್ತವೆ. ಒಂಬತ್ತು ವರ್ಷದ ಮಗುವಿಗೆ ಇದಕ್ಕಿಂತ ಸೊಗಸಾದ ನೋಟ ಬೇಡ. ಚಿಮ್ನಿ ರಾಕ್ ವಾಹನ ನಿಲ್ದಾಣದಿಂದ ಸೀಲ್ ನೋಟದ ಜಾಗಕ್ಕೆ ಕೆಲವೇ ನಿಮಿಷಗಳ ನಡಿಗೆ, ತಂದೆಯವರೂ ಬರಬಹುದು. ಅದೇ ನಿಲ್ದಾಣದಿಂದ ಇನ್ನೊಂದು ಕಡೆ ಒಂದು ಮೈಲಿಯ ಹತ್ತಿರ ಸಾಗುವ ಟ್ರೇಲಿನ ಎರಡೂ ಬದಿಯಲ್ಲಿ ಆ ಸಮಯಕ್ಕೆ ಹಳದಿ, ನೇರಳೆ ಬಣ್ಣದ ಕಾಡುಹೂಗಳು ಅರಳಿರುತ್ತವೆ. ಮಳೆ ಬಂದಿದ್ದರೆ ಅದು ಕೆಸರು.

ದೀಪಸ್ತಂಭದ ಮೆಟ್ಟಿಲಿನ ಬಗ್ಗೆ ಹೇಳುವುದಾದರೆ, ಮಂಡಿನೋವಿರುವ ತಂದೆಯವರನ್ನು ದಯವಿಟ್ಟು ಇಳಿಸಬೇಡಿ. 313 ಮೆಟ್ಟಿಲು, ಸುಮಾರು ಮೂವತ್ತು ಮಹಡಿಯ ಕಟ್ಟಡದ ಎತ್ತರ. ಇಳಿದಷ್ಟನ್ನೂ ಮತ್ತೆ ಹತ್ತಬೇಕು. 1870ರಲ್ಲಿ ಇದನ್ನು ಕಟ್ಟಿದವರು ಗುಡ್ಡದ ನೆತ್ತಿಯನ್ನು ಬಿಟ್ಟು ಅಷ್ಟು ಕೆಳಗೆ ಜಾಗ ಆರಿಸಿದ್ದಕ್ಕೆ ಕಾರಣವಿದೆ: ಮಂಜು ಮೇಲೆ ಕವಿಯುವುದರಿಂದ ನೆತ್ತಿಯಲ್ಲಿಟ್ಟ ದೀಪ ಹಡಗಿನವರಿಗೆ ಕಾಣುತ್ತಿರಲಿಲ್ಲ. ಫ್ರಾನ್ಸಿನಲ್ಲಿ ತಯಾರಾಗಿ ಬಂದ, ಸಾವಿರಕ್ಕೂ ಹೆಚ್ಚು ಗಾಜಿನ ತುಂಡುಗಳ ಆ ಹಳೆಯ ಮಸೂರ 1975ರವರೆಗೆ ಕೆಲಸ ಮಾಡಿತು, ಈಗಲೂ ಅಲ್ಲಿಯೇ ಇದೆ. ನೀವೂ ಮಗಳೂ ಇಳಿದು ನೋಡಿ ಬನ್ನಿ, ಉಳಿದವರು ಮೇಲೆಯೇ ತಿಮಿಂಗಿಲ ಹುಡುಕುತ್ತಿರಲಿ. ಗಾಳಿಯ ವೇಗ ಗಂಟೆಗೆ 40 ಮೈಲಿ ದಾಟಿದರೆ ಮೆಟ್ಟಿಲುಗಳನ್ನು ಮುಚ್ಚುತ್ತಾರೆ. ವಾರದ ಎಲ್ಲ ದಿನ ತೆರೆದಿರುವುದೂ ಇಲ್ಲ. ಚಳಿಗಾಲದ ವಾರಾಂತ್ಯಗಳಲ್ಲಿ ಜನ ಹೆಚ್ಚಾದಾಗ ಆ ರಸ್ತೆಗೆ ಖಾಸಗಿ ಕಾರುಗಳನ್ನು ಬಿಡದೆ ಬಸ್ಸು ಓಡಿಸಿದ ವರ್ಷಗಳೂ ಇವೆ. ಹಿಂದಿನ ದಿನವೇ ಪಾರ್ಕಿನ ಜಾಲತಾಣ ನೋಡಿಕೊಳ್ಳಿ. ವಾಹನ ನಿಲ್ದಾಣದಿಂದ ನೋಟಕಟ್ಟೆಗೂ ಅರ್ಧ ಮೈಲಿಯ ಹತ್ತಿರ ಏರುದಾರಿಯಿದೆ. ನಡೆಯಲು ಕಷ್ಟವಿರುವವರಿಗೆ ಹತ್ತಿರದಲ್ಲಿ ಬೇರೆ ನಿಲುಗಡೆಯ ವ್ಯವಸ್ಥೆ ಇದೆ, ರೇಂಜರ್‌ಗಳನ್ನು ಕೇಳಿ.

ಅಂಕೋಲೆಯವ (ಪ್ರಶ್ನೆ ಕೇಳಿದವರು)

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಜಲಪಾತವನ್ನು ಈ ಸಲದ ಪಟ್ಟಿಯಿಂದ ತೆಗೆದಿದ್ದೇವೆ. ಬೇರ್ ವ್ಯಾಲಿ, ಚಿಮ್ನಿ ರಾಕ್, ದೀಪಸ್ತಂಭದ ಮೇಲ್ಗಡೆ, ಹಿಂತಿರುಗುವಾಗ ಲಿಮಾಂಟೂರ್, ಇಷ್ಟೇ. ಸೀಲ್‌ಗಳ ಕಥೆ ಓದಿ ಹೇಳಿದಾಗ ಅಪ್ಪನಿಗೆ ನೀರು ಮುಟ್ಟುವುದಕ್ಕಿಂತ ಅವುಗಳನ್ನು ನೋಡುವ ಉತ್ಸಾಹ ಹೆಚ್ಚಾಗಿದೆ. ಎರಡು ಸಂಶಯಗಳು ಉಳಿದಿವೆ. ಅಪ್ಪ-ಅಮ್ಮ ಊರಿಗೆ ಹೋದ ಮೇಲೆ ಮೇ ತಿಂಗಳಿನಲ್ಲಿ ನಾವು ಮೂವರು ಒಂದು ರಾತ್ರಿ ಅಲ್ಲಿಯೇ ಉಳಿದು ಜಲಪಾತ ನೋಡಬಹುದೇ? ಮತ್ತು ಊಟದ ವಿಷಯ ಯಾರೂ ಹೇಳಲಿಲ್ಲ, ನಾವು ಸಸ್ಯಾಹಾರಿಗಳು.

ಚಾರಣಪ್ರಿಯೆ

ಉಳಿಯಬಹುದು, ಆದರೆ ಕಾರಿನ ಪಕ್ಕದಲ್ಲಿ ಡೇರೆ ಹಾಕುವ ಜಾಗಗಳು ಈ ಪಾರ್ಕಿನಲ್ಲಿಲ್ಲ. ನಡೆದು ಹೋಗಬೇಕಾದ ನಾಲ್ಕು ಕ್ಯಾಂಪುಗಳಿವೆ: ಸ್ಕೈ, ಕೋಸ್ಟ್, ಗ್ಲೆನ್, ವೈಲ್ಡ್‌ಕ್ಯಾಟ್. ನಾಲ್ಕಕ್ಕೂ ಪರವಾನಗಿ ಬೇಕು. ರಿಕ್ರಿಯೇಷನ್ ಡಾಟ್ ಗವ್ ಜಾಲತಾಣದಲ್ಲಿ ತಿಂಗಳುಗಳ ಮೊದಲೇ ಕಾದಿರಿಸಬೇಕು. ವಾರಾಂತ್ಯದ ಜಾಗಗಳು ಬಹಳ ಬೇಗ ತುಂಬಿಹೋಗುತ್ತವೆ. ಜಲಪಾತಕ್ಕೆ ಹತ್ತಿರವಾದದ್ದು ವೈಲ್ಡ್‌ಕ್ಯಾಟ್. ಬೆನ್ನ ಮೇಲೆ ಡೇರೆ, ಹಾಸಿಗೆ, ಅಡುಗೆ ಸಾಮಾನು ಹೊತ್ತು ಐದಾರು ಮೈಲಿ ನಡೆಯುವುದು ಮಗಳಿಗೆ ಅಭ್ಯಾಸವಿಲ್ಲದಿದ್ದರೆ ಮೊದಲ ಸಲಕ್ಕೆ ಒಂದೂವರೆ ಮೈಲಿಗಿಂತ ಕಡಿಮೆ ನಡಿಗೆಯ ಸ್ಕೈ ಕ್ಯಾಂಪ್, ಅಥವಾ ಎರಡು ಮೈಲಿಯ ಒಳಗಿನ ಕೋಸ್ಟ್ ಕ್ಯಾಂಪ್ ಆರಿಸಿಕೊಳ್ಳಿ. ಕೋಸ್ಟ್ ಕ್ಯಾಂಪಿನಿಂದ ಬೀಚು ಕೂಗಳತೆಯಲ್ಲಿದೆ. ಕ್ಯಾಂಪಿನಲ್ಲಿ ಸೌದೆ ಉರಿಸುವಂತಿಲ್ಲ, ಗ್ಯಾಸ್ ಒಲೆ ಮಾತ್ರ. ನಲ್ಲಿಯ ನೀರನ್ನು ಶೋಧಿಸದೆ ಅಥವಾ ಕುದಿಸದೆ ಕುಡಿಯಬೇಡಿ. ಆಹಾರವನ್ನೆಲ್ಲ ಅಲ್ಲಿ ಇಟ್ಟಿರುವ ಲೋಹದ ಪೆಟ್ಟಿಗೆಯೊಳಗೆ ಹಾಕಿ ಚಿಲಕ ಹಾಕಬೇಕು, ಇಲ್ಲವಾದರೆ ರಾತ್ರಿ ರಕೂನುಗಳೆಂಬ ಕಾಡುಪ್ರಾಣಿಗಳು ಡೇರೆಯವರೆಗೂ ಬರುತ್ತವೆ. ಮುಂದೆ ವೈಲ್ಡ್‌ಕ್ಯಾಟಿಗೆ ಹೋದಾಗಲೂ ಬೀಚಿನ ಮೇಲಿನ ಆ ಕೊನೆಯ ಮೈಲಿಯನ್ನು ಇಳಿತದ ಹೊತ್ತಿಗೇ ಮುಗಿಸಿ ಬನ್ನಿ. ಉಬ್ಬರದಲ್ಲಿ ಅಲೆ ಬಂಡೆಯ ಬುಡವನ್ನೇ ಬಡಿಯುತ್ತದೆ.

ಸೊರಬದ ಸಹ್ಯಾದ್ರಿ

ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಬನ್ನಿ. ಪಾಯಿಂಟ್ ರೇಯಸ್ ಸ್ಟೇಷನ್ ಊರಿನಲ್ಲಿ ಅಂಗಡಿ, ಬೇಕರಿ, ಪೆಟ್ರೋಲ್ ಸಿಗುತ್ತವೆ. ಅಲ್ಲಿಂದ ಮುಂದೆ ತುದಿಯವರೆಗೆ ಏನನ್ನೂ ನಂಬಿಕೊಳ್ಳಬೇಡಿ. ಪುಳಿಯೋಗರೆ, ಚಪಾತಿ-ಪಲ್ಯ, ಮೊಸರನ್ನ ಒಳ್ಳೆಯದು. ಆದರೆ ಎಲ್ಲವೂ ಮುಚ್ಚಳವಿರುವ ಡಬ್ಬಿಯಲ್ಲಿರಲಿ, ಕಾಗದದ ತಟ್ಟೆ ಆ ಗಾಳಿಗೆ ನಿಲ್ಲುವುದಿಲ್ಲ. ಫ್ಲಾಸ್ಕಿನಲ್ಲಿ ಬಿಸಿ ಚಹಾ ಇದ್ದರೆ ಹಿರಿಯರಿಗೆ ತುಂಬಾ ಹಿತವಾಗುತ್ತದೆ. ಊಟಕ್ಕೆ ಬೇರ್ ವ್ಯಾಲಿಯ ಮರಗಳ ಕೆಳಗಿನ ಮೇಜುಗಳೇ ಸರಿ.

ಒಂದು ವಿನಂತಿ. ನಮ್ಮವರಿಗೆ ಉಳಿದ ಅನ್ನವನ್ನು ಕಾಗೆಗೆ ಇಡುವ ಅಭ್ಯಾಸವಿದೆ. ಇಲ್ಲಿ ಅದನ್ನು ಮಾಡಲೇಬಾರದು. ಸ್ನೋಯಿ ಪ್ಲವರ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಹಕ್ಕಿಯೊಂದು ವಸಂತದಲ್ಲಿ ಈ ಬೀಚುಗಳ ಒಣ ಮರಳಿನ ಮೇಲೆ, ಗೂಡೆಂಬುದೇ ಇಲ್ಲದೆ, ಬರಿಯ ಕುಳಿ ಮಾಡಿ ಮೊಟ್ಟೆಯಿಡುತ್ತದೆ. ಮೊಟ್ಟೆಯೂ ಮರಳಿನದೇ ಬಣ್ಣ. 1993ರಿಂದ ಇದು ಅಪಾಯಕ್ಕೊಳಗಾದ ಹಕ್ಕಿಗಳ ಪಟ್ಟಿಯಲ್ಲಿದೆ. ಇದರ ಮೊಟ್ಟೆಗಳಿಗೆ ದೊಡ್ಡ ಶತ್ರು ಇಲ್ಲಿಯ ರೇವನ್ ಕಾಗೆಗಳು. ಜನ ಚೆಲ್ಲುವ ಆಹಾರಕ್ಕೆ ಬಂದ ಕಾಗೆಗಳೇ ಆಮೇಲೆ ಮೊಟ್ಟೆಗಳನ್ನೂ ಹುಡುಕಿ ತಿನ್ನುತ್ತವೆ. ಒಂದು ಹಿಡಿ ಅನ್ನ, ಕಿತ್ತಳೆಯ ಸಿಪ್ಪೆ, ಎಲ್ಲವನ್ನೂ ಚೀಲದಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯಿರಿ. ಬೀಚಿನಲ್ಲಿ ಹಗ್ಗ ಕಟ್ಟಿರುವ ಜಾಗ ಕಂಡರೆ ಒಳಗೆ ಕಾಲಿಡದೆ, ನೀರು ನೆನೆಸಿದ ಗಟ್ಟಿ ಮರಳಿನ ಮೇಲೆ, ಕಡಲಿನತ್ತ ಒಂದು ಕಣ್ಣಿಟ್ಟು ನಡೆಯಿರಿ. ಡ್ರೋನ್ ಹಾರಿಸುವುದು ಪಾರ್ಕಿನಲ್ಲೆಲ್ಲ ನಿಷಿದ್ಧ. ನಾಯಿಗಳಿಗೂ ಕೆಲವೇ ಬೀಚುಗಳಲ್ಲಿ ಅವಕಾಶ.

ಮಾರ್ಚ್ ಕೊನೆಯಲ್ಲಿ ಸೂರ್ಯಾಸ್ತ ಸುಮಾರು ಏಳೂವರೆಗೆ. ಲಿಮಾಂಟೂರಿನಿಂದ ಕತ್ತಲಾಗುವ ಮೊದಲೇ ಹೊರಡುವುದು ಉತ್ತಮ, ಏಕೆಂದರೆ ಆ ಬೆಟ್ಟದ ರಸ್ತೆಗೆ ದೀಪಗಳಿಲ್ಲ, ಜಿಂಕೆಗಳು ದಾಟುತ್ತಿರುತ್ತವೆ, ತಾಯಿಯವರಿಗೂ ಬೆಳಕಿರುವಾಗ ಮುಂದಿನ ಸೀಟಿನಲ್ಲಿ ಕುಳಿತು ದೂರಕ್ಕೆ ನೋಡುತ್ತ ಬಂದರೆ ತಿರುವುಗಳ ತೊಂದರೆ ಕಡಿಮೆ.